ಪಾಂಪೇನಾ, ಹರ್ಕ್ಯುಲೇನಿಯಂನಾ, ಓಸ್ತಿಯಾನಾ? ಹಳೇ ರೋಮನ್ ಊರು ಒಂದೇ ನೋಡೋಕಾಗೋದು ಅಂದ್ರೆ ಯಾವ್ದು ನೋಡ್ಬೇಕು

ಇಟಲಿಗೆ ಫ್ಲೈಟ್ ಬುಕ್ ಮಾಡಿದ ಮೇಲೆ ನಮ್ಮೋರು ಯಾರೇ ನಂಗೆ ಮೆಸೇಜ್ ಮಾಡಿದ್ರೂ ಪ್ರಶ್ನೆ ಹೆಚ್ಚುಕಮ್ಮಿ ಒಂದೇ, "ರೋಮ್‌ನಲ್ಲಿ ನಾಲ್ಕು ದಿನ ಇದೀವಿ, ಅದ್ರಲ್ಲಿ ಒಂದು ದಿನ ಪಾಂಪೇಗೆ ಹೋಗಿ ಬಂದ್ಬಿಡೋಣ ಅಂತ, ಆಗತ್ತಾ?" ಆಗತ್ತೆ. ಆದ್ರೆ ಆಗೋದು ಬೇರೆ, ಮಾಡ್ಬೇಕಾ ಅನ್ನೋದು ಬೇರೆ. ಪಾಂಪೇ ಹೆಸರನ್ನ ಸ್ಕೂಲಲ್ಲಿದ್ದಾಗಿಂದ ಕೇಳ್ಕೊಂಡು ಬಂದಿದೀವಲ್ಲ, ಹಾಗಾಗಿ ಹಳೇ ರೋಮನ್ ಊರು ಅಂದ್ರೆ ಅದೊಂದೇ ಅಂತ ತಲೇಲಿ ಕೂತ್ಬಿಟ್ಟಿರತ್ತೆ. ಅದೇ ಇಟಲಿಲಿ ಇನ್ನೂ ಎರಡು ಊರಿದೆ, ಹರ್ಕ್ಯುಲೇನಿಯಂ (ಪಾಂಪೇ ಥರಾನೇ ನೇಪಲ್ಸ್ ಹತ್ರ) ಮತ್ತೆ ಓಸ್ತಿಯಾ ಆಂತಿಕಾ (ರೋಮ್ ಪಕ್ಕ). ಮೂರೂ ಬೇರೆ ಬೇರೆ ಥರ ಸತ್ತ ಊರು, ಅದಕ್ಕೇ ಮೂರರಲ್ಲೂ ಉಳ್ಕೊಂಡಿರೋದು ಬೇರೆ ಬೇರೆ.

ನಾನು ಮೂರೂ ನೋಡಿದೀನಿ, ಒಟ್ಟಿಗೇ ಅಲ್ಲ, ಜರ್ಮನಿಗೆ ಕೆಲಸಕ್ಕೆ ಬಂದ ಮೇಲೆ ಮೂರು ಬೇರೆ ಬೇರೆ ಸಲ. ಪಾಂಪೇಗೆ ಫ್ರೆಂಡ್ಸ್ ಜೊತೆ ಜುಲೈ ಬಿಸಿಲಲ್ಲಿ, ಹರ್ಕ್ಯುಲೇನಿಯಂಗೆ ಹೆಂಡ್ತಿ ಜೊತೆ ನವೆಂಬರಲ್ಲಿ, ಓಸ್ತಿಯಾಗೆ ಅಪ್ಪ ಅಮ್ಮ ಬೆಂಗಳೂರಿಂದ ಬಂದಿದ್ದಾಗ. ಯಾರ ಜೊತೆ ಹೋದೆ, ಯಾವ ತಿಂಗಳು ಹೋದೆ ಅನ್ನೋದು ನನ್ನ ಅಭಿಪ್ರಾಯದಲ್ಲಿ ಸೇರ್ಕೊಂಡಿರತ್ತೆ, ಅದನ್ನ ಕಳೆದು ಓದ್ಕೊಳ್ಳಿ.

ಪೂರ್ತಿ ಓದೋಕೆ ಪುರುಸೊತ್ತಿಲ್ದೋರಿಗೆ ಮೊದ್ಲೇ ಹೇಳ್ಬಿಡ್ತೀನಿ. ರೋಮ್‌ನಲ್ಲೇ ಉಳ್ಕೊಂಡಿದ್ದು ಒಂದೇ ದಿನ ಇದೆ ಅಂದ್ರೆ ಕಣ್ಮುಚ್ಕೊಂಡು ಓಸ್ತಿಯಾ. ನೇಪಲ್ಸಲ್ಲಿ ಒಂದು ರಾತ್ರಿನಾದ್ರೂ ಉಳೀತೀರಾ ಅಂದ್ರೆ ಹರ್ಕ್ಯುಲೇನಿಯಂ, ಜೊತೆಗೆ ನೇಪಲ್ಸ್ ಮ್ಯೂಸಿಯಂ. ಪಾಂಪೇಗೆ ಅಂತಲೇ ಬೆಳಗ್ಗೆಯಿಂದ ಸಂಜೆವರೆಗೆ ಒಂದು ದಿನ ಎತ್ತಿಡೋಕೆ ಆಗೋರು, ನಡೆಯೋಕೆ ಕಾಲು ಗಟ್ಟಿ ಇರೋರು ಮಾತ್ರ ಪಾಂಪೇ. ಪಾಂಪೇ ಚೆನ್ನಾಗಿಲ್ಲ ಅಂತಲ್ಲ ಮಾರಾಯ್ರೆ, ಅರ್ಧಂಬರ್ಧ ನೋಡಿದ್ರೆ ಅದರಷ್ಟು ಸುಸ್ತು ಮಾಡೋ ಜಾಗ ಇನ್ನೊಂದಿಲ್ಲ, ಅಷ್ಟೇ.

ಪಾಂಪೇ: ಬೀದಿ ನೋಡ್ಬೇಕು ಅನ್ನೋರಿಗೆ

ಮೊದ್ಲು ಸೈಜ್ ಅರ್ಥ ಮಾಡ್ಕೊಳ್ಳಿ. ಊರಿನ ಕೋಟೆಗೋಡೆ ಒಳಗಿನ ಜಾಗ 66 ಹೆಕ್ಟೇರ್, ಅಂದ್ರೆ ನಮ್ಮ ಲೆಕ್ಕದಲ್ಲಿ 160 ಎಕರೆಗೂ ಮೇಲೆ, ಅದ್ರಲ್ಲಿ ಮೂರರಲ್ಲಿ ಎರಡು ಭಾಗ ಅಗೆದಿದಾರೆ, ಉಳಿದಿರೋದು ಇನ್ನೂ ಮಣ್ಣೊಳಗೇ ಇದೆ. 1748ರಿಂದ ಅಗೀತಾನೇ ಇದಾರೆ, ಈಗ್ಲೂ ಹೊಸ ಮನೆ, ಹೊಸ ಚಿತ್ರ ಸಿಕ್ತು ಅಂತ ನ್ಯೂಸ್ ಬರ್ತಾನೇ ಇರತ್ತೆ. ಹಂಪಿನ ಒಂದೇ ದಿನದಲ್ಲಿ ನಡ್ಕೊಂಡು ಮುಗಿಸ್ತೀನಿ ಅಂತ ಹೊರಟು ಕಮಲಾಪುರ ತಲುಪೋಷ್ಟರಲ್ಲಿ ಸಾಕಾಗಿ ಆಟೋ ಹುಡುಕಿದೋರಿಗೆ ನಾನು ಏನ್ ಹೇಳ್ತಿದೀನಿ ಗೊತ್ತಾಗತ್ತೆ, ಇಲ್ಲಿ ಆಟೋನೂ ಇಲ್ಲ.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಪಾಂಪೇ ಮೇಲೆ ಗಂಟೆಗಟ್ಟಲೆ ಬೆಂಡಿನ ಥರ ಹಗುರವಾದ ಸಣ್ಣ ಕಲ್ಲು ಮಳೆ ಹುಯ್ದಂಗೆ ಬಿತ್ತು. ಚಾವಣಿಗಳು ಭಾರಕ್ಕೆ ಕುಸಿದ್ವು, ಆಮೇಲೆ ಬಿಸಿ ಬೂದಿಗಾಳಿ ಬಂದು ಉಳಿದೋರನ್ನೂ ಮುಗಿಸ್ತು. ಅದಕ್ಕೇ ಇಲ್ಲಿ ಗೋಡೆ ಇದೆ, ಬೀದಿ ಇದೆ, ಸೂರು ಇಲ್ಲ. ಬಹುಪಾಲು ಮನೆ ಮೇಲ್ಗಡೆ ಆಕಾಶ. ಇದೇನು ಸಣ್ಣ ವಿಷಯ ಅಲ್ಲ, ನೆರಳಿಲ್ಲ ಅಂತ ಅರ್ಥ. ಜುಲೈಲಿ ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಗ್ಯಾಂಗಲ್ಲಿ ಒಬ್ಬ ಫೋರಂ (ಊರಿನ ಮುಖ್ಯ ಚೌಕ) ಮೆಟ್ಟಿಲ ಮೇಲೆ ಕೂತು "ನೀವು ಹೋಗಿ ಬನ್ನಿ, ನಾನಿಲ್ಲೇ ಪಳೆಯುಳಿಕೆ ಆಗಿರ್ತೀನಿ" ಅಂದ.

ಅಂದಹಾಗೆ ವೆಸೂವಿಯಸ್ ಸಿಡಿದಿದ್ದು ಆಗಸ್ಟ್ 24 ಅಂತ ಎಲ್ಲಾ ಕಡೆ ಓದಿರ್ತೀರಲ್ಲ, 2018ರಲ್ಲಿ ಒಂದು ಮನೆ ಗೋಡೆ ಮೇಲೆ ಇದ್ದಿಲಲ್ಲಿ ಗೀಚಿದ್ದ ಒಂದು ತಾರೀಖು ಸಿಕ್ತು, ನಮ್ಮ ಲೆಕ್ಕಕ್ಕೆ ಅಕ್ಟೋಬರ್ 17. ಇದ್ದಿಲ ಬರಹ ಬಹಳ ದಿನ ಉಳಿಯಲ್ಲ ಅನ್ನೋ ಲೆಕ್ಕದ ಮೇಲೆ, ಜ್ವಾಲಾಮುಖಿ ಸಿಡಿದಿದ್ದು ಅಕ್ಟೋಬರ್ ಕೊನೇಲಿ ಇರ್ಬೇಕು ಅಂತ ಈಗ ಬಹಳ ಜನ ಪಂಡಿತರು ಹೇಳ್ತಾರೆ. ಕೆಲವು ಗೈಡ್‌ಗಳು ಇನ್ನೂ ಹಳೇ ಡೇಟೇ ಹೇಳ್ತಿರ್ತಾರೆ.

ಪಾಂಪೇಲಿ ನಂಗೆ ತಲೇಲಿ ಉಳಿದಿದ್ದು ದೊಡ್ಡ ದೊಡ್ಡ ದೇವಸ್ಥಾನ ಅಲ್ಲ, ಬೀದಿ ನಲ್ಲಿ. ಅಬ್ಬೊಂದಾಂತ್ಸಾ ಅಂತ ಒಂದು ಉದ್ದ ಮೇನ್ ರೋಡ್ ಇದೆ, ಅದ್ರ ಮೂಲೆಮೂಲೇಲಿ ಕಲ್ಲಿನ ನೀರಿನ ತೊಟ್ಟಿ. ತೊಟ್ಟಿ ಅಂಚಲ್ಲಿ ನೀರು ಬೀಳೋ ಬಾಯಿ ಪಕ್ಕ ಕಲ್ಲು ಸವೆದು ಬಟ್ಟಲ ಥರ ತಗ್ಗಾಗಿದೆ. ಯಾಕೆ ಅಂತ ಮೊದ್ಲು ಹೊಳೀಲಿಲ್ಲ. ಆಮೇಲೆ ನಾನೇ ಬಗ್ಗಿ ಬಾಟ್ಲಿ ಹಿಡಿಯೋಕೆ ಹೋದಾಗ ನನ್ನ ಎಡಗೈ ತಾನಾಗೇ ಹೋಗಿ ಆ ತಗ್ಗಲ್ಲಿ ಊರ್ಕೊಳ್ತು. ಎರಡು ಸಾವಿರ ವರ್ಷದ ಹಿಂದೆ ನೀರಿಗೆ ಬಂದೋರೆಲ್ಲ ಅಲ್ಲೇ ಕೈ ಊರಿ ಬಗ್ಗಿದಾರೆ, ಅಷ್ಟಕ್ಕೇ ಕಲ್ಲು ಸವೆದಿದೆ. ರೋಡ್ ನೋಡಿ, ಗಾಡಿ ಚಕ್ರ ಓಡಿ ಓಡಿ ಕಲ್ಲುಚಪ್ಪಡೀಲಿ ಗೀರು ಬಿದ್ದಿದೆ, ಜನ ಈ ಕಡೆಯಿಂದ ಆ ಕಡೆ ಕಾಲು ಗಲೀಜಾಗದೆ ದಾಟೋಕೆ ರಸ್ತೆ ಮಧ್ಯೆ ಎತ್ತರದ ಕಲ್ಲು ಇಟ್ಟಿದಾರೆ, ಚಕ್ರ ತೂರೋಷ್ಟು ಸಂದು ಬಿಟ್ಟು. ಮಳೆಗಾಲದಲ್ಲಿ ನಮ್ಮ ಬೀದೀಲಿ ಇಟ್ಟಿಗೆ ಇಟ್ಕೊಂಡು ದಾಟ್ತೀವಲ್ಲ, ಅದನ್ನೇ ಇವರು ಪರ್ಮನೆಂಟ್ ಮಾಡ್ಕೊಂಡಿದ್ರು.

ಇನ್ನೊಂದು ಮಜಾ ಅಂದ್ರೆ ಎಲೆಕ್ಷನ್ನು. ಗೋಡೆ ಮೇಲೆ ಕೆಂಪು ಬಣ್ಣದಲ್ಲಿ "ಇಂಥೋರಿಗೆ ಓಟ್ ಹಾಕಿ" ಅಂತ ಬರೆದಿರೋದು ಸಾವಿರಾರು ಸಿಕ್ಕಿದೆ. ವಾತಿಯಾ ಅಂತ ಒಬ್ಬ ಕ್ಯಾಂಡಿಡೇಟ್‌ಗೆ "ರಾತ್ರಿ ಹೊತ್ತು ಮೀರಿ ಕುಡಿಯೋರೆಲ್ಲರ ಬೆಂಬಲ" ಅಂತ ಬರೆದಿದ್ರಂತೆ. ವಿರೋಧಿಗಳೇ ಬರೆಸಿರ್ಬೇಕು, ನಮ್ಮ ಕಡೆ ಆಗಿದ್ರೂ ಅದನ್ನೇ ಮಾಡ್ತಿದ್ರು.

ಸತ್ತೋರ ಪ್ಲಾಸ್ಟರ್ ಅಚ್ಚುಗಳನ್ನ ಫೋಟೋಲಿ ನೋಡಿರ್ತೀರ. ಅವು ಕಲ್ಲಾದ ಹೆಣ ಅಲ್ಲ. ಬೂದಿ ಗಟ್ಟಿಯಾಗಿ ಒಳಗಿನ ದೇಹ ಕರಗಿ ಹೋದ ಮೇಲೆ ಉಳಿದ ಟೊಳ್ಳಿಗೆ 1863ರಲ್ಲಿ ಫಿಯೋರೆಲ್ಲಿ ಅನ್ನೋ ಪುರಾತತ್ವದ ಡೈರೆಕ್ಟರ್ ಪ್ಲಾಸ್ಟರ್ ಹುಯ್ಸಿದ್ರು, ಬಂದಿದ್ದು ಮನುಷ್ಯರ ಆಕಾರ. ಓಡಿಹೋಗ್ತಿದ್ದೋರ ತೋಟ ಅಂತ ಒಂದು ಜಾಗದಲ್ಲಿ 13 ಜನ ಒಟ್ಟಿಗಿದಾರೆ, ಮಕ್ಕಳೂ ಇದಾರೆ, ಅಲ್ಲಿ ಯಾರೂ ಜೋರಾಗಿ ಮಾತಾಡಲ್ಲ. ಇನ್ನೊಂದು ಮನೇಲಿ ಕೈಗೆ ಚಿನ್ನದ ಬಳೆ ಹಾಕ್ಕೊಂಡು ಮಗು ಎತ್ಕೊಂಡಿದ್ದ ತಾಯಿ ಅಂತ ಎಷ್ಟೋ ವರ್ಷದಿಂದ ಹೇಳ್ಕೊಂಡು ಬರ್ತಿದ್ರು, 2024ರಲ್ಲಿ ಡಿಎನ್ಎ ನೋಡಿದ್ರೆ ಅದು ಗಂಡಸು, ಆ ಮಗುಗೂ ಅವ್ನಿಗೂ ರಕ್ತಸಂಬಂಧವೇ ಇಲ್ಲ. ಬಳೆ ನೋಡಿ ತಾಯಿ ಅಂತ ತೀರ್ಮಾನ ಮಾಡಿದ್ದು ನಮ್ಮ ಕಾಲದೋರು.

ಹಿರಿಯರ ಜೊತೆ ಹೋಗೋರಿಗೆ ಒಂದು ಮಾತು. ವೇಶ್ಯಾಗೃಹದ ಮುಂದೆ ಯಾವಾಗ್ಲೂ ಕ್ಯೂ ಇರತ್ತೆ, ಒಳಗೆ ಗೋಡೆ ಮೇಲೆ ಏನು ಬರೆದಿದಾರೆ ಅಂತ ಊಹಿಸ್ಕೊಳ್ಳಿ. ಅದನ್ನ ಬೇಕಾದ್ರೆ ಬಿಟ್ಬಿಡ್ಬೋದು, ಆದ್ರೆ ವೆತ್ತಿಯವರ ಮನೆ ಬಿಡೋ ಹಾಗಿಲ್ಲ, ರಿಪೇರಿ ಮುಗಿಸಿ 2023ರಲ್ಲಿ ಮತ್ತೆ ತೆಗ್ದಿದಾರೆ, ಊರಿನ ಅತಿ ಚೆಂದದ ಚಿತ್ರಗಳು ಅಲ್ಲಿವೆ, ಅದ್ರ ಹೆಬ್ಬಾಗಿಲಲ್ಲೇ ಪ್ರಿಯಾಪಸ್ ದೇವರು ತನ್ನ ಅಂಗವನ್ನ ತಕ್ಕಡೀಲಿಟ್ಟು ತೂಗ್ತಾ ನಿಂತಿದಾನೆ. ಅತ್ತೆ ಮಾವನ ಜೊತೆ ಇದ್ರೆ ಆ ಕಡೆ ಕೈ ತೋರ್ಸಿ "ಆ ನೆಲ ನೋಡಿ ಎಷ್ಟು ಚೆನ್ನಾಗಿದೆ" ಅನ್ನಿ, ಇನ್ನೇನು ಮಾಡ್ತೀರ.

ಟಿಕೆಟ್ ವಿಷಯ: 2024ರ ನವೆಂಬರಿಂದ ದಿನಕ್ಕೆ 20,000 ಜನಕ್ಕೆ ಅಂತ ಮಿತಿ ಹಾಕಿದಾರೆ, ಟಿಕೆಟ್ ಮೇಲೆ ಹೆಸರೂ ಬರತ್ತೆ, ಪಾಸ್‌ಪೋರ್ಟ್ ಅಥವಾ ಬೇರೆ ಐಡಿ ಜೊತೇಲಿರ್ಲಿ. ಸೀಸನ್ನಲ್ಲಿ ಮುಂಚೆನೇ ಆನ್‌ಲೈನಲ್ಲಿ ಬುಕ್ ಮಾಡಿ. ದೊಡ್ಡ ಬ್ಯಾಗ್ ಒಳಗೆ ಬಿಡಲ್ಲ. ಮಂಡಿನೋವಿರೋರಿಗೆ, ಗಾಲಿಕುರ್ಚಿ ಬೇಕಾದೋರಿಗೆ ಆಂಫಿಥಿಯೇಟರ್ ಕಡೆ ಗೇಟಿಂದ ಶುರುವಾಗೋ ಮೂರೂವರೆ ಕಿಲೋಮೀಟರ್ ಸಲೀಸು ದಾರಿ ಮಾಡಿದಾರೆ, ಉಳಿದ ಕಡೆ ಉಬ್ಬುತಗ್ಗು ಕಲ್ಲುಚಪ್ಪಡಿ, ಚಪ್ಪಲಿ ಹಾಕ್ಕೊಂಡು ಹೋಗ್ಬೇಡಿ.

ಹರ್ಕ್ಯುಲೇನಿಯಂ: ಮನೆ ಒಳಗೆ ಹೋಗ್ಬೇಕು ಅನ್ನೋರಿಗೆ

ಅದೇ ಬೆಟ್ಟ, ಅದೇ ಸಿಡಿತ, ಆದ್ರೆ ಈ ಊರು ಸತ್ತಿದ್ದು ಬೇರೆ ಥರ. ಗಾಳಿ ಪಾಂಪೇ ಕಡೆ ಬೀಸ್ತಿದ್ದಿದ್ರಿಂದ ಹರ್ಕ್ಯುಲೇನಿಯಂ ಮೇಲೆ ಮೊದ್ಲು ಕಲ್ಲುಮಳೆ ಅಷ್ಟಾಗಿ ಬೀಳ್ಲೇ ಇಲ್ಲ. ರಾತ್ರಿ ಹೊತ್ತಿಗೆ ಕುದಿಯೋ ಬೂದಿ, ಅನಿಲ ಎಲ್ಲಾ ಸೇರಿ ಬೆಟ್ಟದಿಂದ ನುಗ್ಗಿ ಬಂತು, ಒಂದರ ಮೇಲೊಂದು ಅಲೆ ಥರ, ಊರನ್ನ ಕೆಳಗಿಂದ ಮೇಲಕ್ಕೆ ತುಂಬ್ಕೊಂಡ್ಬಿಡ್ತು. ಸುಮಾರು 20 ಮೀಟರ್ ಆಳ. ಆಮೇಲೆ ಅದು ಗಟ್ಟಿ ಕಲ್ಲಾಯ್ತು. ಮರ ಉರಿದು ಬೂದಿಯಾಗೋಕೆ ಗಾಳಿನೇ ಇರ್ಲಿಲ್ಲ, ಹಾಗಾಗಿ ಇದ್ದಲ್ಲೇ ಇದ್ದಿಲಾಯ್ತು. ಇದ್ರಿಂದ ಏನಾಯ್ತು ಅಂದ್ರೆ ಪಾಂಪೇಲಿ ಇಲ್ದೇ ಇರೋದೆಲ್ಲ ಇಲ್ಲಿ ಉಳಿದಿದೆ: ಮೇಲ್ಮಹಡಿ, ತೊಲೆ, ಬಾಗಿಲು, ಮಂಚ, ಅಟ್ಟ.

ಸ್ಟೇಷನ್ನಿಂದ ಸಮುದ್ರದ ಕಡೆ ಇಳಿಜಾರಲ್ಲಿ ಹತ್ತು ನಿಮಿಷ ನಡೆದ್ರೆ ಗೇಟು. ಗೇಟು ದಾಟಿದ ತಕ್ಷಣ ಊರು ನಿಮ್ಮ ಕಾಲ ಕೆಳಗಿರತ್ತೆ, ಒಂದು ದೊಡ್ಡ ಗುಂಡಿ ಒಳಗೆ. ನಾವು ಹೋದ ದಿನ ಸಣ್ಣ ಮಳೆ ಬಂದು ನಿಂತಿತ್ತು. ಕೆಳಗೆ ಎರಡು ಸಾವಿರ ವರ್ಷದ ಹಳೇ ಮನೆಗಳ ಹೆಂಚಿನ ಸೂರು, ಅದರ ಹಿಂದಿನ ಕಲ್ಲುಗೋಡೆ ಮೇಲ್ಗಡೆ ಈಗಿನ ಎರ್ಕೊಲಾನೋ ಊರಿನ ಅಪಾರ್ಟ್‌ಮೆಂಟು, ಬಾಲ್ಕನೀಲಿ ಯಾರೋ ಒಬ್ರು ಹೆಂಗಸು ಮಳೆ ನಿಂತ್ಮೇಲೆ ಬಟ್ಟೆ ಮತ್ತೆ ಹರವ್ತಿದ್ರು, ಕ್ಲಿಪ್ಪು ಬಾಯಲ್ಲಿ ಕಚ್ಕೊಂಡು. ಆಕೆ ನಿಂತಿರೋ ಬಿಲ್ಡಿಂಗ್ ಕೆಳಗೇ ಇನ್ನೂ ಅಗೀದೇ ಇರೋ ಊರಿನ ಮುಕ್ಕಾಲು ಪಾಲು ಇದೆ. ಅಗೆದಿರೋದು ಬರೀ ನಾಲ್ಕೂವರೆ ಹೆಕ್ಟೇರ್, ಹನ್ನೊಂದು ಎಕರೆ ಅಷ್ಟೇ. ಇಷ್ಟೇನಾ ಅನ್ಸತ್ತೆ, ಆದ್ರೆ ಅದೇ ಇದರ ಪ್ಲಸ್ ಪಾಯಿಂಟು, ಎರಡೂವರೆ ಮೂರು ಗಂಟೇಲಿ ಪ್ರತಿ ಬೀದಿ ಪ್ರತಿ ಮನೆ ನೋಡಿದ ಸಮಾಧಾನ ಸಿಗತ್ತೆ, ಏನೋ ಬಿಟ್ಬಿಟ್ವಿ ಅನ್ನೋ ಕೊರಗಿಲ್ಲ.

ಒಳಗೆ ಏನ್ ನೋಡ್ಬೇಕು ಅಂದ್ರೆ, ಒಂದು ಮನೇಲಿ ನಡುಮನೆಗೆ ಅಡ್ಡ ಹಾಕಿದ್ದ ಮರದ ಮಡಿಕೆ ಬಾಗಿಲು ಹಾಗ್ಹಾಗೇ ನಿಂತಿದೆ, ಕಪ್ಪಗೆ ಸುಟ್ಟಿದೆ ಅಷ್ಟೇ. ನೆಪ್ಚೂನ್ ಮತ್ತೆ ಆಂಫಿತ್ರಿತೆ ಮನೆ ಅಂಗಳದ ಗೋಡೇಲಿ ನೀಲಿ ಹಸಿರು ಗಾಜಿನ ಚೂರಲ್ಲಿ ಮಾಡಿರೋ ಚಿತ್ರ, ನಿನ್ನೆ ಮುಗಿಸಿದಂಗಿದೆ. ಅದೇ ಮನೆಗೆ ಅಂಟ್ಕೊಂಡಂಗೆ ಒಂದು ಅಂಗಡಿ, ಅಲ್ಲಿ ಮರದ ಅಟ್ಟಣಿಗೆ ಮೇಲೆ ದ್ರಾಕ್ಷಾರಸದ ಜಾಡಿಗಳು ಮಲಗ್ಸಿಟ್ಟಿದಾರೆ. ನನ್ನ ಹೆಂಡ್ತಿ ಅದನ್ನ ನೋಡಿ "ಅಜ್ಜಿ ಮನೆ ಉಗ್ರಾಣ ಇದು" ಅಂದ್ಲು, ಹತ್ತು ನಿಮಿಷ ಅಲ್ಲಿಂದ ಕದಲ್ಲಿಲ್ಲ. ಇನ್ನೊಂದು ಅಂಗಡೀಲಿ ಬಟ್ಟೆ ಒತ್ತೋ ಮರದ ತಿರುಪು ಯಂತ್ರ.

ಆಮೇಲೆ ಕೆಳಗೆ, ಆಗಿನ ಕಾಲದ ಸಮುದ್ರದಂಡೆ. ಬಹಳ ವರ್ಷ ಊರೊಳಗೆ ಅಸ್ಥಿಪಂಜರ ಹೆಚ್ಚು ಸಿಗದೇ ಇದ್ದಿದ್ರಿಂದ ಇಲ್ಲಿಯೋರೆಲ್ಲ ತಪ್ಪಿಸ್ಕೊಂಡ್ರು ಅಂತಲೇ ಅಂದ್ಕೊಂಡಿದ್ರು. 1980ರ ದಶಕದಲ್ಲಿ ದೋಣಿ ಇಡೋ ಕಮಾನುಗಳನ್ನ ಅಗೆದಾಗ ಮುನ್ನೂರರಷ್ಟು ಜನ ಅದರೊಳಗೆ ಒತ್ತೊತ್ತಾಗಿ ಕೂತಿದ್ರು, ದೋಣಿ ಬಂದು ಕರ್ಕೊಂಡು ಹೋಗತ್ತೆ ಅಂತ ಕಾಯ್ತಾ. ಆ ದಂಡೆಗೆ ಜನ ಇಳಿಯೋ ಹಾಗೆ 2024ರಲ್ಲಿ ತೆರೆದ್ರು, ಸಮುದ್ರ ಮಾತ್ರ ಈಗ ಅಲ್ಲಿಲ್ಲ, ದೂರ ಹೋಗಿದೆ. ಚಿಕ್ಕ ಮಕ್ಕಳ ಜೊತೆ ಹೋಗೋರು ಈ ಜಾಗ ಮೊದ್ಲೇ ಯೋಚ್ನೆ ಮಾಡ್ಕೊಳ್ಳಿ, ಪಾಂಪೇದು ಪ್ಲಾಸ್ಟರು, ಇಲ್ಲಿ ತೋರ್ಸೋದು ಅಸ್ಥಿಪಂಜರಗಳು, ಅಸಲಿ ಅಲ್ಲ ನಕಲೇ ಆದ್ರೂ.

ಐಟಿ ಜನಕ್ಕೆ ಒಂದು ಉಪಕಥೆ. ಊರ ಹೊರಗಿನ ಒಂದು ಬಂಗಲೇಲಿ 1,800ರಷ್ಟು ಪಪೈರಸ್ (ಆಗಿನ ಕಾಲದ ಕಾಗದ) ಸುರುಳಿ ಇದ್ದಿಲಾಗಿ ಸಿಕ್ಕಿದ್ವು, ಬಿಚ್ಚೋಕೆ ಹೋದ್ರೆ ಪುಡಿಪುಡಿ. 2023ರಲ್ಲಿ ಸ್ಕ್ಯಾನ್ ಫೈಲ್‌ಗಳನ್ನ ಎಲ್ಲರಿಗೂ ಕೊಟ್ಟು, ಓದಿದೋರಿಗೆ ಬಹುಮಾನ ಅಂತ ವೆಸೂವಿಯಸ್ ಚಾಲೆಂಜ್ ಶುರು ಮಾಡಿದ್ರು, ಕಾಲೇಜಲ್ಲಿ ಓದೋ ಹುಡುಗರು ಮಷೀನ್ ಲರ್ನಿಂಗ್ ಉಪಯೋಗಿಸಿ ಬಿಚ್ಚದೇನೇ ಓದಿದ್ರು. ಮೊದ್ಲು ಓದೋಕೆ ಸಿಕ್ಕ ಪದ "ನೇರಳೆ" ಅನ್ನೋ ಅರ್ಥದ ಗ್ರೀಕ್ ಪದ. ಆ ಬಂಗಲೆ ಹೆಚ್ಚಿನ ಭಾಗ ಇನ್ನೂ ಮಣ್ಣಲ್ಲೇ ಇದೆ, ಸೈಟ್‌ಗೆ ಹೋದ್ರೆ ಸುರುಳಿ ಏನೂ ಕಾಣಲ್ಲ, ಅದಕ್ಕೆ ಅಂತ ಹೋಗಿ ನಿರಾಸೆ ಪಡ್ಬೇಡಿ.

ಮೈನಸ್ ಅಂದ್ರೆ, ಫೋರಂ, ಆಂಫಿಥಿಯೇಟರ್ ಥರ ದೊಡ್ಡ ಬಯಲು ಕಟ್ಟಡ ಇಲ್ಲಿ ಕಾಣಲ್ಲ. "ಒಂದು ಇಡೀ ಊರು" ಅನ್ನೋ ಭಾವನೆ ಬರಲ್ಲ, ಒಂದು ಬಡಾವಣೆ ನೋಡಿದ ಹಾಗೆ. ಕೆಲವು ಮನೆಗಳು ಯಾವಾಗ್ಲೂ ರಿಪೇರಿ ಅಂತ ಮುಚ್ಚಿರ್ತವೆ, ನಾವು ಹೋದಾಗ ಸ್ನಾನಗೃಹ ಒಂದು ಸಿಗ್ಲಿಲ್ಲ.

ನೇಪಲ್ಸ್ ಮ್ಯೂಸಿಯಂ ಬಿಟ್ರೆ ಅರ್ಧ ಬಿಟ್ಟಂಗೆ

ಪಾಂಪೇ, ಹರ್ಕ್ಯುಲೇನಿಯಂ ಎರಡರದ್ದೂ ಒಳ್ಳೊಳ್ಳೇ ಸಾಮಾನು ಎತ್ಕೊಂಡು ಹೋಗಿ ಇಟ್ಟಿರೋದು ನೇಪಲ್ಸಿನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂಲ್ಲಿ. ಅಲೆಕ್ಸಾಂಡರ್ ಯುದ್ಧದ ದೊಡ್ಡ ಮೊಸಾಯಿಕ್ (ಬಣ್ಣದ ಚೂರು ಜೋಡಿಸಿ ಮಾಡಿದ ಚಿತ್ರ) ಪಾಂಪೇಲಿ ನೋಡೋದು ನಕಲು, ಅಸಲಿ ಮ್ಯೂಸಿಯಂದು. ಇದ್ದಿಲಾದ ಒಂದು ಬ್ರೆಡ್ಡಿದೆ, ಎಂಟು ಭಾಗಕ್ಕೆ ಗೀಟು ಹಾಕಿರೋದು, ಮೇಲೆ "ಇಂಥ ಯಜಮಾನನ ಆಳು ಕೆಲೆರ್‌ನದ್ದು" ಅಂತ ಸೀಲು. ಮಂಗಳವಾರ ರಜೆ.

ನಮಗೆ ಅಂತಲೇ ಅಲ್ಲೊಂದು ವಸ್ತು ಇದೆ. 1938ರಲ್ಲಿ ಅಮೆದೇಯೋ ಮಯೂರಿ ಅನ್ನೋ ಪುರಾತತ್ವಜ್ಞ ಪಾಂಪೇಲಿ ಅಗೆಯುವಾಗ ಆ ಅಬ್ಬೊಂದಾಂತ್ಸಾ ರಸ್ತೆ ಕಡೆಯ ಒಂದು ಮನೇಲಿ ಸಿಕ್ಕಿದ ಒಂದು ಗೇಣುದ್ದದ ಆನೆದಂತದ ಹೆಣ್ಣು ಬೊಂಬೆ, ಮೈತುಂಬಾ ಒಡವೆ, ಅಕ್ಕಪಕ್ಕ ಇಬ್ಬರು ಸಣ್ಣ ಪರಿಚಾರಿಕೆಯರು. ಪಾಂಪೇ ಲಕ್ಷ್ಮಿ ಅಂತ ಹೆಸರಾಗಿದೆ, ಲಕ್ಷ್ಮಿ ಅಲ್ಲ ಯಕ್ಷಿ ಇರ್ಬೇಕು ಅಂತ ತಿಳಿದೋರು ಹೇಳ್ತಾರೆ, ಇದೇ ಥರದ ಬೊಂಬೆ ಮಹಾರಾಷ್ಟ್ರದ ತೇರ್‌ನಲ್ಲೂ ಸಿಕ್ಕಿದೆ. ಕ್ರಿ.ಶ. 79ಕ್ಕೆ ಮುಂಚೆನೇ ಭಾರತದಿಂದ ಹಡಗು ಹತ್ತಿ ಬಂದಿದ್ದು. ಆ ಕಡೆಯಿಂದ ಈ ಕಡೆಗೂ ಬರ್ತಿತ್ತು ಬಿಡಿ, ಚಿತ್ರದುರ್ಗದ ಚಂದ್ರವಳ್ಳೀಲಿ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯ ಸಿಕ್ಕಿದೆ, ನಮ್ಮ ಯಶವಂತಪುರದಲ್ಲೂ ಸಿಕ್ಕಿದೆ. ಬೊಂಬೆನ ನಾನು ನೋಡಿದಾಗ ಕಾಮಚಿತ್ರಗಳ ಗುಪ್ತ ಕೋಣೆ ಒಳಗಿಟ್ಟಿದ್ರು, ಬಟ್ಟೆ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಇರ್ಬೇಕು. ಬೇಲೂರು ನೋಡಿದೋರಿಗೆ ಇದು ತಮಾಷೆ ಅನ್ಸತ್ತೆ.

ಓಸ್ತಿಯಾ ಆಂತಿಕಾ: ಇದು ವಠಾರ

ಇದ್ರ ಬಗ್ಗೆ ನಾನು ಸ್ವಲ್ಪ ಪಕ್ಷಪಾತಿ, ಮೊದ್ಲೇ ಒಪ್ಕೊಂಡ್ಬಿಡ್ತೀನಿ.

ಓಸ್ತಿಯಾ ರೋಮ್‌ನ ಬಂದರು, ಟೈಬರ್ ನದಿ ಸಮುದ್ರ ಸೇರೋ ಜಾಗ. ಹತ್ತು ಲಕ್ಷ ಜನ ಇದ್ದ ರೋಮ್‌ಗೆ ಈಜಿಪ್ಟು, ಆಫ್ರಿಕಾದಿಂದ ಬರೋ ಗೋಧಿ ಎಲ್ಲಾ ಈ ದಾರೀಲೇ ಹೋಗ್ಬೇಕಿತ್ತು. ಇಲ್ಲಿ ಯಾವ ಜ್ವಾಲಾಮುಖಿನೂ ಸಿಡೀಲಿಲ್ಲ. ಹೂಳು ತುಂಬ್ಕೊಂಡು ಸಮುದ್ರ ದೂರ ಹೋಯ್ತು, ವ್ಯಾಪಾರ ಬೇರೆ ಕಡೆ ಹೋಯ್ತು, ಜನ ಒಬ್ಬೊಬ್ರಾಗಿ ಊರು ಬಿಟ್ರು, ಮಲೇರಿಯಾ ಬಂತು. ಈಗ ಸಮುದ್ರ ಮೂರು ಕಿಲೋಮೀಟರ್ ಆಚೆ ಇದೆ. ಪಾಂಪೇ ಒಂದು ದಿನದಲ್ಲಿ ಸತ್ತಿದ್ದು, ಇದು ನೂರಾರು ವರ್ಷ ನರಳಿ ಸತ್ತಿದ್ದು. ಹಾಗಾಗಿ ಇಲ್ಲಿ ಊಟದ ತಟ್ಟೆ ಬಿಟ್ಟು ಓಡಿದ ದೃಶ್ಯ ಇಲ್ಲ, ಜನ ಸಾಮಾನು ಕಟ್ಕೊಂಡು ಖಾಲಿ ಮಾಡಿದ ಮನೆಗಳಿವೆ. ಬಣ್ಣದ ಚಿತ್ರಗಳೂ ಕಮ್ಮಿ, ಕಪ್ಪು ಬಿಳುಪು ಮೊಸಾಯಿಕ್ ಜಾಸ್ತಿ.

ನಾನು ಮಾಡಿದ ದಡ್ಡತನ ಹೇಳ್ತೀನಿ. ಅಪ್ಪ ಅಮ್ಮನ್ನ ಕರ್ಕೊಂಡು ಸೋಮವಾರ ಹೋದೆ. ಸೋಮವಾರ ರಜೆ. ನೋಡ್ಕೊಂಡಿರ್ಲಿಲ್ಲ. ಸ್ಟೇಷನ್ ಮುಂದಿನ ನಡೆದಾಡೋ ಸೇತುವೆ ದಾಟಿ ಗೇಟ್‌ವರೆಗೂ ಹೋಗಿ ಬೀಗ ನೋಡ್ದಾಗ ಅಪ್ಪ ಏನೂ ಅನ್ಲಿಲ್ಲ, ಅಮ್ಮ ಮಾತ್ರ "ಇಷ್ಟೆಲ್ಲಾ ಮೊಬೈಲ್ ನೋಡ್ತೀಯ, ಇದೊಂದು ನೋಡೋಕಾಗ್ಲಿಲ್ವಾ" ಅಂದ್ರು. ಪಕ್ಕದಲ್ಲೇ ಪುಟ್ಟ ಹಳೇ ಹಳ್ಳಿ, ಒಂದು ಕೋಟೆ ಇದೆ, ಅಲ್ಲೇ ಕಾಫಿ ಕುಡ್ಕೊಂಡು ವಾಪಸ್ ಬಂದ್ವಿ, ಮಾರನೇ ದಿನ ಮತ್ತೆ ಹೋದ್ವಿ. ಮತ್ತೆ ಹೋಗೋಕೆ ಆಗಿದ್ದು ಯಾಕೆ ಅಂದ್ರೆ ಅದು ಅಷ್ಟು ಹತ್ರ. ರೋಮ್‌ನ ಪಿರಮಿದೆ ಮೆಟ್ರೋ ಪಕ್ಕದ ಸ್ಟೇಷನ್ನಿಂದ ಲೋಕಲ್ ಟ್ರೈನ್, ಅರ್ಧ ಗಂಟೆ, ಊರೊಳಗಿನ ಮಾಮೂಲಿ ಬಸ್ ಮೆಟ್ರೋ ಟಿಕೆಟ್ಟೇ ನಡೆಯತ್ತೆ. ಪಾಂಪೇಗೆ ಹೋಗಿ ಬೀಗ ನೋಡಿದ್ರೆ ಆ ದಿನದ ಕಥೆ ಮುಗೀತು.

ಒಳಗೆ ಹೋದ್ರೆ ಉದ್ದಕ್ಕೆ ಒಂದು ದೊಡ್ಡ ರಸ್ತೆ, ಎರಡೂ ಕಡೆ ಛತ್ರಿ ಥರ ಪೈನ್ ಮರಗಳು, ನೆರಳೋ ನೆರಳು. ಜನ ಕಮ್ಮಿ. ಮೂರ್ನಾಲ್ಕು ಸಾವಿರ ಜನ ಕೂರೋ ಥಿಯೇಟರ್ ಇದೆ, ಅದ್ರ ಹಿಂದೆ ಒಂದು ಚೌಕ. ಆ ಚೌಕದ ಸುತ್ತ ಅರವತ್ತರಷ್ಟು ಸಣ್ಣ ಸಣ್ಣ ಆಫೀಸು, ಪ್ರತಿಯೊಂದ್ರ ಮುಂದೆ ನೆಲದಲ್ಲಿ ಮೊಸಾಯಿಕ್ಕಿನ ಬೋರ್ಡು: ಒಂದ್ರಲ್ಲಿ ಹಡಗು, ಒಂದ್ರಲ್ಲಿ ದೀಪಸ್ತಂಭ, ಆಫ್ರಿಕಾದ ಸಬ್ರಾತಾ ಊರಿನ ವ್ಯಾಪಾರಿಗಳದ್ದು ಆನೆ. ಓದೋಕೆ ಬರ್ದೇ ಇರೋರಿಗೂ ಯಾವ ಊರಿನ ಏಜೆಂಟು ಅಂತ ಗೊತ್ತಾಗ್ಲಿ ಅಂತ. ಅಮ್ಮ ಆನೆ ಹತ್ರ ನಿಂತು ಫೋಟೋ ತೆಗೆಸ್ಕೊಂಡ್ರು.

ಆಮೇಲೆ ದಿಯಾನಾ ಮನೆ ಅನ್ನೋ ಕಟ್ಟಡದ ಬೀದಿ. ಮನೆ ಅಂತ ಹೆಸರು, ಆದ್ರೆ ಅದು ಶ್ರೀಮಂತರ ಬಂಗಲೆ ಅಲ್ಲ. ಕೆಳಗೆ ಅಂಗಡಿ ಸಾಲು, ಮೇಲೆ ಮಹಡಿ ಮಹಡಿ ಬಾಡಿಗೆ ರೂಮು, ನಡುವೆ ಅಂಗಳ, ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದೇ ನೀರಿನ ತೊಟ್ಟಿ, ಕೆಳಗಡೆ ಎಲ್ಲರಿಗೂ ಒಂದೇ ಕಕ್ಕಸು. ನಾನು ಇದನ್ನೆಲ್ಲ ಫೋನ್ ನೋಡ್ಕೊಂಡು ಹೇಳ್ತಿದ್ರೆ ಅಪ್ಪ ಇಟ್ಟಿಗೆ ಗೋಡೆನ ಮೇಲಿಂದ ಕೆಳಗೆ ನೋಡಿ "ಇದು ವಠಾರ ಕಣೋ" ಅಂದ್ರು. ಚಾಮರಾಜಪೇಟೇಲಿ ಎಂಟು ಮನೆ ಒಂದು ನಲ್ಲಿ ಇರೋ ವಠಾರದಲ್ಲಿ ಬೆಳೆದೋರು ಅವರು. ಆಮೇಲೆ ಗೈಡ್ ನಾನಲ್ಲ, ಅವರೇ. ಯಾವ ಮೂಲೇಲಿ ನೀರಿಗೆ ಜಗಳ ಆಗ್ತಿತ್ತು, ಯಾವ ಮೆಟ್ಟಿಲ ಕೆಳಗೆ ಸೌದೆ ಇಡ್ತಿದ್ರು ಅಂತ ಅವರೇ ತೀರ್ಮಾನ ಮಾಡ್ಕೊಂಡು ಹೇಳ್ತಾ ಹೋದ್ರು, ತಪ್ಪಿರ್ಬೋದು, ಆದ್ರೆ ನಂಗೆ ಪಾಂಪೇಲಿ ದುಡ್ಡು ಕೊಟ್ಟು ಕೇಳಿದ್ದಕ್ಕಿಂತ ಇದು ಚೆನ್ನಾಗಿತ್ತು.

ಅದೇ ಬೀದಿ ಎದುರಿಗೆ ಒಂದು ತಿಂಡಿ ಅಂಗಡಿ. ಅಮೃತಶಿಲೆ ಹಾಸಿದ ಕಟ್ಟೆ, ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಲೋಟ ಇಡೋ ಜಾಗ, ಗೋಡೆ ಮೇಲೆ ಏನೇನ್ ಸಿಗತ್ತೆ ಅಂತ ತರಕಾರಿ ಹಣ್ಣಿನ ಚಿತ್ರ, ಒಳಗೆ ಸಣ್ಣ ಅಂಗಳ. ದರ್ಶಿನಿಗೂ ಇದಕ್ಕೂ ವ್ಯತ್ಯಾಸ ಇಷ್ಟೇ, ಟೋಕನ್ ಕೌಂಟರ್ ಇಲ್ಲ. ಸ್ವಲ್ಪ ದೂರದಲ್ಲಿ ಬ್ರೆಡ್ ಮಾಡೋ ಜಾಗ, ಕತ್ತೆ ಕಟ್ಟಿ ತಿರುಗಿಸ್ತಿದ್ದ ಲಾವಾ ಕಲ್ಲಿನ ದೊಡ್ಡ ದೊಡ್ಡ ಬೀಸೋಕಲ್ಲು ಸಾಲಾಗಿ ನಿಂತಿವೆ. ಮತ್ತೆ ಸಾರ್ವಜನಿಕ ಶೌಚಾಲಯ, ಅಮೃತಶಿಲೆ ಬೆಂಚು, ಅಕ್ಕಪಕ್ಕ ಇಪ್ಪತ್ತು ತೂತು, ಮಧ್ಯೆ ಗೋಡೆ ಇಲ್ಲ ಪರದೆ ಇಲ್ಲ. ಅಮ್ಮ ಅಲ್ಲಿ ನಕ್ಕಿದ್ದು ಇಡೀ ಟ್ರಿಪ್‌ಲ್ಲಿ ಇನ್ನೆಲ್ಲೂ ನಗ್ಲಿಲ್ಲ.

ಓಸ್ತಿಯಾದ ಕೊರತೆನೂ ಹೇಳ್ಬೇಕಲ್ಲ. ಬೋರ್ಡುಗಳು ಸಾಲಲ್ಲ, ಮೊದ್ಲೇ ಸ್ವಲ್ಪ ಓದ್ಕೊಂಡು ಹೋಗ್ದಿದ್ರೆ ಇಟ್ಟಿಗೆ ಗೋಡೆ, ಮತ್ತೊಂದು ಇಟ್ಟಿಗೆ ಗೋಡೆ ಅಷ್ಟೇ ಕಾಣತ್ತೆ. ಬಹಳ ಭಾಗ 1938ರಿಂದ 42ರ ಒಳಗೆ ಮುಸೊಲಿನಿ ಕಾಲದಲ್ಲಿ ವಿಶ್ವಮೇಳಕ್ಕೆ ರೆಡಿ ಮಾಡ್ಬೇಕು ಅಂತ ಅವಸರಾವಸರವಾಗಿ ಅಗೆದಿದ್ದು, ಆ ಅವಸರದಲ್ಲಿ ಏನೇನು ಮಾಹಿತಿ ಕಳೆದೋಯ್ತೋ. ಮೆಟ್ಟಿಲು ಹತ್ತಿ ನೆಪ್ಚೂನ್ ಸ್ನಾನಗೃಹದ ಮೊಸಾಯಿಕ್‌ನ ಮೇಲಿಂದ ನೋಡೋದು ಮರೀಬೇಡಿ, ಸಮುದ್ರಕುದುರೆಗಳನ್ನ ಓಡಿಸ್ತಿರೋ ದೇವರು, ಕೆಳಗಿಂದ ನೋಡಿದ್ರೆ ಅರ್ಥ ಆಗಲ್ಲ.

ಹಾಗಾದ್ರೆ ಯಾರು ಎಲ್ಲಿಗೆ

ರೋಮ್‌ನಿಂದ ಪಾಂಪೇಗೆ ಒಂದೇ ದಿನದಲ್ಲಿ ಅಂದ್ರೆ ಲೆಕ್ಕ ಹೀಗೆ: ಹೈಸ್ಪೀಡ್ ಟ್ರೈನಲ್ಲಿ ನೇಪಲ್ಸ್‌ಗೆ ಒಂದು ಗಂಟೆ ಹತ್ತು ನಿಮಿಷ, ಅಲ್ಲಿ ಕೆಳಗಿಳಿದು ಸೊರೆಂತೋ ಕಡೆ ಹೋಗೋ ಲೋಕಲ್ ಟ್ರೈನ್ ಹುಡುಕಿ ಹತ್ತಿದ್ರೆ ಇನ್ನೂ 35, 40 ನಿಮಿಷ, ಮಧ್ಯೆ ಕಾಯೋದು ಸೇರಿ ಎರಡೂವರೆ ಗಂಟೆ ಅಂದ್ಕೊಳ್ಳಿ, ಹೋಗ್ತಾ ಬರ್ತಾ ಐದು. ಲೋಕಲ್ಲಲ್ಲಿ ನಮ್ಮ ಬೆಳಗಿನ ಸಿಟಿ ಬಸ್ ಥರ ರಶ್ಶು, ಪರ್ಸ್ ಮುಂದಿನ ಜೇಬಲ್ಲಿರ್ಲಿ. ಇಳಿಯೋ ಸ್ಟೇಷನ್ ಹೆಸರು "ಪಾಂಪೇ ಸ್ಕಾವಿ", ಬರೀ ಪಾಂಪೇ ಅಂತ ಬೇರೆ ಸ್ಟೇಷನ್ನೂ ಇದೆ, ನಮ್ಮ ಗ್ಯಾಂಗ್ ಅಲ್ಲೇ ಎಡವಿದ್ದು. ಹರ್ಕ್ಯುಲೇನಿಯಂ ಅದೇ ಲೈನಲ್ಲಿ ಅರ್ಧ ದಾರೀಲೇ ಬರತ್ತೆ, ಇಪ್ಪತ್ತು ನಿಮಿಷ, "ಎರ್ಕೊಲಾನೋ ಸ್ಕಾವಿ" ಅಂತ.

ಎರಡೂ ಒಂದೇ ದಿನ ಮಾಡ್ಬೋದಾ ಅಂತ ಕೇಳ್ತಾರೆ. ಮಾಡ್ಬೋದು, ನಾನು ಮಾಡಲ್ಲ. ಮಾಡೋದೇ ಆದ್ರೆ ಬೆಳಗ್ಗೆ ಗೇಟ್ ತೆಗೆಯೋ ಹೊತ್ತಿಗೆ ಪಾಂಪೇ, ಮಧ್ಯಾಹ್ನ ಮೇಲೆ ಹರ್ಕ್ಯುಲೇನಿಯಂ, ಉಲ್ಟಾ ಬೇಡ, ಚಿಕ್ಕದನ್ನ ಮೊದ್ಲು ನೋಡಿದ್ರೆ ದೊಡ್ಡದಕ್ಕೆ ಹೊತ್ತಾಗ್ಲಿ ಕಾಲಾಗ್ಲಿ ಉಳಿಯಲ್ಲ.

ಅರವತ್ತು ದಾಟಿದ ಅಪ್ಪ ಅಮ್ಮ ಇದ್ರೆ ಓಸ್ತಿಯಾ, ಆಗ್ಲಿಲ್ಲ ಅಂದ್ರೆ ಹರ್ಕ್ಯುಲೇನಿಯಂ. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಜ್ವಾಲಾಮುಖಿ ಬೇಕೇ ಬೇಕು, ಅವರಿಗೆ ಹರ್ಕ್ಯುಲೇನಿಯಂ ನೋಡಿ ಅಲ್ಲಿಂದ್ಲೇ ಬಸ್ಸಲ್ಲಿ ವೆಸೂವಿಯಸ್ ಮೇಲಕ್ಕೆ ಕರ್ಕೊಂಡು ಹೋಗಿ. ಇತಿಹಾಸದ ಹುಚ್ಚಿರೋರು ನನ್ನ ಮಾತು ಕೇಳೋ ಅವಶ್ಯಕತೆನೇ ಇಲ್ಲ, ನೇಪಲ್ಸಲ್ಲಿ ಮೂರು ರಾತ್ರಿ ಇದ್ದು ಪಾಂಪೇಗೆ ಎರಡು ದಿನ ಕೊಡಿ. ಟಿಕೆಟ್ ಮೂರೂ ಕಡೆ ಇಪ್ಪತ್ತು ಯೂರೋ ಆಸುಪಾಸು, ಹಾಗಾಗಿ ದುಡ್ಡು ನೋಡಿ ಆರಿಸೋ ಹಾಗಿಲ್ಲ, ಖರ್ಚಿನ ವ್ಯತ್ಯಾಸ ಇರೋದು ಟ್ರೈನಲ್ಲಿ. ತಿಂಗಳ ಮೊದಲ ಭಾನುವಾರ ಫ್ರೀ, ಆವತ್ತು ಪಾಂಪೇಗೆ ಮಾತ್ರ ಹೋಗ್ಬೇಡಿ, ಇಡೀ ನೇಪಲ್ಸ್ ಅಲ್ಲಿರತ್ತೆ. ತಿಂಗಳು ಆರಿಸೋದಾದ್ರೆ ಏಪ್ರಿಲ್ ಇಲ್ಲಾ ಅಕ್ಟೋಬರ್.

ಸಸ್ಯಾಹಾರಿಗಳಿಗೆ ನೇಪಲ್ಸಲ್ಲಿ ಮರಿನಾರಾ ಪಿಜ್ಜಾ ಇದೆ, ಟೊಮ್ಯಾಟೋ ಬೆಳ್ಳುಳ್ಳಿ ಅಷ್ಟೇ, ಚೀಸ್ ಕೂಡ ಇರಲ್ಲ. ಓಸ್ತಿಯಾ ಒಳಗೆ ಒಂದು ಕ್ಯಾಂಟೀನ್ ಇದೆ, ಅದರ ಹೊರಗಿನ ಬೆಂಚಲ್ಲಿ ಕೂತು ಅಮ್ಮ ಬ್ಯಾಗಿಂದ ಚಪಾತಿ, ಚಟ್ನಿಪುಡಿ ತೆಗೆದ್ರು, ನಾವು ಮೂರೂ ಜನ ತಿಂದು ಮುಗಿಸೋಷ್ಟರಲ್ಲಿ ಅಲ್ಲಿನ ಬೆಕ್ಕೊಂದು ಬಂದು ಅಪ್ಪನ ಕಾಲ ಹತ್ರ ಮಲಗಿತ್ತು. ಹೋಗಿ, ಆದ್ರೆ ಸೋಮವಾರ ಬೇಡ.